ಮೊಡವೆಯ ಗುಳಿಗೆಯೂ ನನ್ನ ಆಷಾಢವೂ

ನಂಬಿಕೆ ಎನ್ನುವುದು ಕೆಲವರಿಗೆ ಹುಟ್ಟಿನೊಂದಿಗೇ ಬರುತ್ತದೆ; ಮತ್ತೆ ಕೆಲವರಿಗೆ ಕೂದಲು ನೆರೆಯುವಾಗ ಬರುತ್ತದೆ. ನನಗೆ ಎರಡು ಸಲವೂ ಬರಲಿಲ್ಲ. ಮಿಡ್ಲ್‌ಸ್ಕೂಲಿನ ಬಾಗಿಲು ದಾಟದ ನಾನು ಆಮೇಲೆ ಕಲಿತದ್ದೆಲ್ಲ ಕಬ್ಬಿನ ಗದ್ದೆಯ ಬದುವಿನ ಮೇಲೆ ಕುಳಿತು, ಶ್ರೀರಂಗಪಟ್ಟಣದ ಗ್ರಂಥಾಲಯದಿಂದ ತಂದ ಪುಸ್ತಕಗಳಿಂದ. ಹೀಗೆ ಕಲಿತವನಿಗೆ ಗುರುವಿನ ಭಯವಿರುವುದಿಲ್ಲ, ಪರೀಕ್ಷೆಯ ಭಯವೂ ಇರುವುದಿಲ್ಲ. ಆದ್ದರಿಂದ ಎಲ್ಲರನ್ನೂ ತಾನೇ ಪರೀಕ್ಷೆ ಮಾಡುವ ಚಟವೊಂದು ಅಂಟಿಕೊಳ್ಳುತ್ತದೆ. ನಮ್ಮೂರು ಬಾಬುರಾಯನಕೊಪ್ಪಲಿನಿಂದ ಕೋಟೆಗೆ ಸಂಜೆಯ ಹೊತ್ತು ನಡೆದುಹೋಗುವುದು ನನ್ನ ರೂಢಿ. ಅಲ್ಲಿ ಒಬ್ಬ ಗೈಡು, ಕೋಟೆಯಿಂದ ಮೈಸೂರಿನವರೆಗೆ ಸುರಂಗವಿದೆಯೆಂದು ಪ್ರವಾಸಿಗಳಿಗೆ ಹೇಳುತ್ತಿದ್ದ. "ಸುರಂಗದ ಬಾಯಿ ಎಲ್ಲಪ್ಪ?" ಎಂದು ಕೇಳಿದೆ. "ಮುಚ್ಚೋಗದೆ ಸ್ವಾಮಿ" ಎಂದ. "ಮೈಸೂರಿನ ಕಡೆ ಬಾಯಿ?" "ಅದೂ ಮುಚ್ಚೋಗದೆ." "ಎರಡು ಕಡೆ ಬಾಯೂ ಮುಚ್ಚಿರುವಾಗ ನಿನ್ನದೊಂದು ಯಾಕಪ್ಪ ತೆರೆದಿದೆ?" ಎಂದೆ. ಪ್ರವಾಸಿಗಳು ನಕ್ಕರು. ಅಂದಿನಿಂದ ನನ್ನನ್ನು ದೂರದಲ್ಲಿ ಕಂಡರೆ ಸಾಕು, ಆತ ಗುಂಪನ್ನು ಬೇರೆ ದಿಕ್ಕಿಗೆ ತಿರುಗಿಸಿಬಿಡುತ್ತಿದ್ದ.

ನನ್ನ ಇಂಥ ಪರೀಕ್ಷೆಗಳಲ್ಲಿ ಹೆಚ್ಚು ಪೆಟ್ಟು ತಿಂದದ್ದು ಆಷಾಢಮಾಸ. ನಮ್ಮ ಸೀಮೆಯಲ್ಲಿ ಹೊಸದಾಗಿ ಮದುವೆಯಾದ ಹೆಣ್ಣು ಆಷಾಢ ಹುಟ್ಟುತ್ತಲೇ ತವರಿಗೆ ಬರಬೇಕು. ತಿಂಗಳು ತುಂಬುವವರೆಗೆ ಅಳಿಯ ಅತ್ತೆಯ ಮನೆಯ ಹೊಸ್ತಿಲು ತುಳಿಯಬಾರದು. ಅತ್ತೆ, ಸೊಸೆ ಒಂದೇ ಬಾಗಿಲಲ್ಲಿ ಓಡಾಡಬಾರದು. ಬೇಸಾಯ ಬಿಡುವಿಲ್ಲದ ಕಾಲದಲ್ಲಿ ಯಾರೋ ಹಿರಿಯರು ಮಾಡಿಕೊಂಡ ಏರ್ಪಾಟನ್ನು, ಡೈರಿಯಲ್ಲೂ ಕಚೇರಿಯಲ್ಲೂ ಸಂಬಳಕ್ಕಿರುವ ಮಕ್ಕಳ ಮೇಲೆ ಹೊರಿಸುವುದೇಕೆಂದು ನಾನು ಪಾಂಡವಪುರದ ಸಂತೆಯಲ್ಲಿ, ಕೆ.ಆರ್.ಪೇಟೆಯ ಬಸ್‌ನಿಲ್ದಾಣದಲ್ಲಿ, ಕೊನೆಗೆ ಸಾವಿನ ಮನೆಗಳಲ್ಲಿ ಸಹ ವಾದಿಸಿದ್ದೇನೆ. ಒಮ್ಮೆ ಸಂತೆಮಾಳದಲ್ಲಿ, ಆಷಾಢ ಆಚರಿಸುವವರೆಲ್ಲ ಹಗಲು ಕಣ್ಣು ಕಾಣದ ಗೂಬೆಗಳೆಂದು ಕೊಂಚ ಗಟ್ಟಿಯಾಗಿಯೇ ಹೇಳಿದೆ. ಆ ಮಾತಿಗೆ ಕಾಲಿದೆ, ಅದು ಹೊಳೆ ದಾಟಿ ಹೋಗುತ್ತದೆಂದು ಅಂದು ನನಗೆ ತಿಳಿದಿರಲಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಸಂಗತಿ ನಡೆದದ್ದು ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ. ನನ್ನ ಮಗನ ಮಗಳು ಶೈಲಾ ಆಗ ಬಿ.ಎ. ಮುಗಿಸಿದ್ದಳು. ಅವಳ ಮುಖದಲ್ಲಿ ಮೊಡವೆಗಳಿದ್ದವು ಎಂದರೆ ಸತ್ಯದ ಕಾಲುಭಾಗವನ್ನಷ್ಟೇ ಹೇಳಿದಂತಾಗುತ್ತದೆ. ಹರೆಯದ ಮಕ್ಕಳಿಗೆಲ್ಲ ಬರುವ ಮೊಡವೆಯಲ್ಲ ಅದು. ಕೆನ್ನೆಯಲ್ಲಿ, ಗದ್ದದಲ್ಲಿ, ಬೆನ್ನಿನ ಮೇಲೆ ಗೋಲಿಯಂಥ ಗಂಟುಗಳು, ಕೀವು, ಒಣಗಿದ ಮೇಲೆ ಉಳಿಯುವ ಕುಳಿಗಳು. ಮಲಗುವಾಗ ಕೆನ್ನೆಗೆ ದಿಂಬು ತಾಗಿದರೆ ನೋಯುತ್ತಿತ್ತು. ಅರಿಸಿನ, ಶ್ರೀಗಂಧ, ಕಡಲೆಹಿಟ್ಟು, ನಿಂಬೆರಸ ಎಲ್ಲವೂ ಆ ಮುಖದ ಮೇಲೆ ಬಂದು ಹೋಗಿದ್ದವು. ಎಣ್ಣೆ, ತುಪ್ಪ, ಕಡಲೆಕಾಯಿಗಳನ್ನು ನನ್ನ ಸೊಸೆ ಜಯಮ್ಮ ವರ್ಷಗಳ ಹಿಂದೆಯೇ ಮಗಳ ತಟ್ಟೆಯಿಂದ ಗಡೀಪಾರು ಮಾಡಿದ್ದಳು. "ಮದ್ವೆ ಆದ್ರೆ ತಾನಾಗೇ ಹೋಯ್ತವೆ" ಎಂದು ಕೇರಿಯ ಹೆಂಗಸರು ಹೇಳುತ್ತಿದ್ದರು. ಮೊಡವೆ ಹೋಗಬೇಕಾದರೆ ಮದುವೆಯಾಗಬೇಕು, ಮದುವೆಯಾಗಬೇಕಾದರೆ ಮೊಡವೆ ಹೋಗಬೇಕು. ಇದನ್ನು ಬಿಡಿಸುವ ಬಗೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಾಗಮಂಗಲದಿಂದ ಗಂಡಿನವರು ಬಂದರು, ಉಪ್ಪಿಟ್ಟು ತಿಂದರು, ಹುಡುಗಿಯನ್ನು ನೋಡಿದರು, ಜಾತಕ ಕೂಡಿಬರಲಿಲ್ಲವೆಂದು ಹೇಳಿ ಕಳಿಸಿದರು. ನಾವು ಜಾತಕವನ್ನು ಕೊಟ್ಟೇ ಇರಲಿಲ್ಲ. ಆ ದಿನದಿಂದ ಶೈಲಾ ಮನೆಯ ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು. ನಾನು ಕ್ಷೌರ ಮಾಡಿಕೊಳ್ಳಲು ಅದನ್ನು ಈಚೆಗೆ ತಿರುಗಿಸುವುದು, ಅವಳು ಮತ್ತೆ ಆಚೆಗೆ ತಿರುಗಿಸುವುದು, ಹೀಗೆ ಮಾತಿಲ್ಲದ ಒಂದು ಯುದ್ಧ ಕೆಲವು ತಿಂಗಳು ನಡೆಯಿತು. ಕೊನೆಗೆ ನಾನು ಸೋತು ಅವಳನ್ನು ಮೈಸೂರಿನ ಚರ್ಮವೈದ್ಯರ ಬಳಿಗೆ ಕರೆದೊಯ್ದೆ.

ಆ ವೈದ್ಯೆ ನನ್ನ ಅರ್ಧ ವಯಸ್ಸಿನವರು. ಮುಖವನ್ನು ಬೆಳಕಿಗೆ ಹಿಡಿದು ನೋಡಿ ಐಸೊಟ್ರೆಟಿನಾಯಿನ್ ಎಂಬ ಗುಳಿಗೆಯ ಹೆಸರು ಹೇಳಿದರು. ಅದು ಏನು, ಎತ್ತ ಎಂದು ನಾನು ಕೇಳಿದೆ. ಪಾಪ, ಆಕೆ ಹೇಳಿದರು. ಚರ್ಮದಡಿಯಲ್ಲಿ ಎಣ್ಣೆ ಒಸರುವ ಗ್ರಂಥಿಗಳಿವೆ. ಕೂದಲ ಬುಡದ ಸಣ್ಣ ರಂಧ್ರ ಕಟ್ಟಿಕೊಂಡರೆ ಆ ಎಣ್ಣೆ ಒಳಗೇ ಉಳಿದು, ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕೀವಾಗುತ್ತದೆ. ಮೇಲೆ ಹಚ್ಚುವ ಮುಲಾಮು ಹೊಸ್ತಿಲಲ್ಲಿ ನಿಂತು ಕೂಗಿದಂತೆ. ಈ ಗುಳಿಗೆಯಾದರೋ ಒಳಗೆ ಹೋಗಿ ಗ್ರಂಥಿಯನ್ನೇ ಕುಗ್ಗಿಸುತ್ತದೆ. ಎ ಜೀವಸತ್ವದ ದಾಯಾದಿ ಇದು. ತುಟಿ ಒಡೆಯುತ್ತದೆ, ಕಣ್ಣು ಒಣಗುತ್ತದೆ, ಮೊದಲ ಕೆಲವು ವಾರ ಮೊಡವೆ ಕಡಿಮೆಯಾಗುವ ಬದಲು ಕೆರಳಬಹುದು, ರಕ್ತದಲ್ಲಿ ಕೊಬ್ಬು ಏರಬಹುದು, ಪಿತ್ತಜನಕಾಂಗವನ್ನೂ ಆಗಾಗ ಪರೀಕ್ಷಿಸಬೇಕು. ಇಷ್ಟನ್ನು ಹೇಳಿ ಆಕೆ ಪೆನ್ನು ಕೆಳಗಿಟ್ಟು ಶೈಲಾಳನ್ನೇ ನೋಡುತ್ತಾ ಮುಂದುವರಿಸಿದರು: "ಮುಖ್ಯವಾದ ಮಾತು. ಇದನ್ನು ತೊಗೊಳ್ತಾ ಇರುವಾಗ, ನಿಲ್ಲಿಸಿ ಒಂದು ತಿಂಗಳು ಕಳೆಯೋವರೆಗೂ, ಗರ್ಭ ನಿಲ್ಲಲೇಬಾರದು. ನಿಂತರೆ ಮಗುವಿನ ಕಿವಿ, ಮುಖ, ಹೃದಯ, ಮೆದುಳು ಯಾವುದು ಬೇಕಾದರೂ ಕೆಡಬಹುದು. ಮದುವೆ ಮಾತು ಬಂದರೆ ಮೊದಲು ನನಗೆ ತಿಳಿಸಿ." ಶೈಲಾ ತಲೆ ತಗ್ಗಿಸಿದಳು. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದಿದೆ.

ಮನೆಗೆ ಬಂದವನೇ ನನ್ನ ಪದ್ಧತಿಯಂತೆ ವೈದ್ಯೆಯ ಒಂದೊಂದು ಮಾತನ್ನೂ ಸಂಶಯದ ಒರಳಿಗೆ ಹಾಕಿದೆ. ತುಟಿ ಒಡೆದಾಗ ಇದು ಮಾಘದ ಗಾಳಿಯ ಕೆಲಸವೆಂದು ವಾದಿಸಿ, ಅದೇ ಗಾಳಿಗೆ ನನ್ನ ತುಟಿಯನ್ನೂ ಒಡ್ಡಿ ಕುಳಿತೆ, ನನ್ನದು ಒಡೆಯಲಿಲ್ಲ. ಮೊಡವೆ ಕೆರಳಿತು, ಆಕೆ ಹೇಳಿದಂತೆಯೇ. ರಕ್ತದ ಕೊಬ್ಬು ಕೊಂಚ ಏರಿತೆಂದು ಒಂದು ಪ್ರಯೋಗಾಲಯ ಹೇಳಿದರೆ ನಂಬದೆ ಇನ್ನೊಂದಕ್ಕೆ ಹೋದೆ. ಅದೂ ಹಾಗೆಯೇ ಹೇಳಿತು. ಈ ಗುಳಿಗೆ ಜಿಡ್ಡಿನಲ್ಲಿ ಕರಗುವಂಥದು, ಬರಿಹೊಟ್ಟೆಯಲ್ಲಿ ನುಂಗಿದರೆ ಅರ್ಧಕ್ಕರ್ಧ ಮೈಗೆ ಹತ್ತದೆ ಹೋಗುತ್ತದೆ, ಊಟದ ಜತೆಯಲ್ಲೇ ಕೊಡಿ ಎಂದಿದ್ದರು. ಅದನ್ನು ಸೊಸೆಗೆ ಹೇಳಿದ ದಿನ ಮನೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಬೆವರುತ್ತೇನೆ. "ಮೊಡವೆಗೆ ತುಪ್ಪವಾ ಮಾವ? ಬೆಂಕಿ ಆರ್ಸಕ್ಕೆ ಸೀಮೆಎಣ್ಣೆ ಹುಯ್ದಂಗೆ! ನಿಮ್ ಡಾಕ್ಟ್ರಿಗೆ ತಲೆ ನೆಟ್ಟಗದಾ?" ಎಂದಳು. ತುಪ್ಪದಿಂದ ಮೊಡವೆ ಬರುತ್ತದೆಂಬುದೇ ಕೇಳಿದ ಮಾತು, ನೋಡಿದ ಮಾತಲ್ಲ ಎಂದು ನಾನು ವಾದಿಸಿದೆ. ಕೊನೆಗೆ ನಾನೇ ಮೊಮ್ಮಗಳ ಪಕ್ಕ ಕುಳಿತು, ಸೊಸೆ ಅತ್ತ ತಿರುಗಿದಾಗ, ನನ್ನ ಅನ್ನದ ತುಪ್ಪವನ್ನು ಅವಳ ತಟ್ಟೆಗೆ ಜಾರಿಸುವ ವಿದ್ಯೆಯನ್ನು ಕಲಿತೆ. ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಗಂಟುಗಳು ಅಡಗಿದವು. ಒಂದು ಬೆಳಿಗ್ಗೆ ಕ್ಷೌರಕ್ಕೆ ಕುಳಿತಾಗ ಕನ್ನಡಿ ತಾನಾಗಿಯೇ ಈಚೆಗೆ ತಿರುಗಿತ್ತು.

ಸಂತೋಷಪಡಬೇಕಾದ ಆ ಗಳಿಗೆಯಲ್ಲಿಯೇ ನನ್ನ ಎದೆಗೆ ಒಂದು ಮುಳ್ಳು ಚುಚ್ಚಿಕೊಂಡಿತು. ವೈದ್ಯೆ ಹೇಳಿದ್ದರಲ್ಲಿ ನಾನು ಪರೀಕ್ಷಿಸಿ ನೋಡಿದ್ದೆಲ್ಲ ನಿಜವಾಗಿತ್ತು. ಉಳಿದದ್ದು ಒಂದೇ ಮಾತು, ಆ ಕೊನೆಯ ಮಾತು. ಅದನ್ನು ಪರೀಕ್ಷಿಸುವ ಬಗೆಯೇ ಇರಲಿಲ್ಲ. ಎಲ್ಲವನ್ನೂ ಮಾಡಿ ನೋಡಿಯೇ ನಂಬುತ್ತೇನೆಂದು ಅರವತ್ತು ದಾಟಿದವನಿಗೆ, ಮಾಡಿ ನೋಡಲಾಗದ ಮಾತೊಂದು ಎದುರಾಗಿತ್ತು.

ಜ್ಯೇಷ್ಠದಲ್ಲಿ ಅಕ್ಕಿಹೆಬ್ಬಾಳಿನ ಸಂಬಂಧ ಬಂತು. ಹುಡುಗ ಮಂಜುನಾಥ ಕೆ.ಆರ್.ಪೇಟೆಯ ಹಾಲಿನ ಡೈರಿಯಲ್ಲಿ ಕೆಲಸದಲ್ಲಿದ್ದ. ತಂದೆಯಿಲ್ಲದವನು, ಅಜ್ಜಿ ನಿಂಗಮ್ಮನ ಕೈಯಲ್ಲಿ ಬೆಳೆದವನು. ಶೈಲಾ ಅವನನ್ನು ನೋಡಿದಳು, ಅವನು ಶೈಲಾಳನ್ನು ನೋಡಿದ, ಇಬ್ಬರೂ ನೆಲವನ್ನು ನೋಡಿದರು, ಮಾತು ಮುಗಿಯಿತು. ಆಷಾಢದಲ್ಲಿ ಮದುವೆಯಿಲ್ಲ, ಅದು ಹುಟ್ಟುವುದರೊಳಗೆ ಆಗಿಬಿಡಲಿ ಎಂದು ಹದಿನೈದೇ ದಿನದಲ್ಲಿ ಮುಹೂರ್ತ ಇಟ್ಟರು. ಧಾರೆಯ ಮಾರನೆಯ ದಿನವೇ ಪ್ರಸ್ತ, ಅಂದರೆ ಮೊದಲ ರಾತ್ರಿ, ಎಂದೂ ಗೊತ್ತುಮಾಡಿದರು. ಮಾತುಕತೆ ಮುಗಿಸಿ ಹೊರಡುವಾಗ ನಿಂಗಜ್ಜಿ ಶೈಲಾಳ ಗಲ್ಲ ಹಿಡಿದು, "ತೊಟ್ಲು ಅಟ್ಟದಿಂದ ಇಳ್ಸಿವ್ನಿ ಕಣವ್ವ, ಬರೋ ವರ್ಸ ಅದು ಕಾಲಿ ಇರ್ಬಾರ್ದು" ಎಂದಳು. ಎಲ್ಲರೂ ನಕ್ಕರು. ನಾನು ಎದ್ದು ಎಸ್‌ಟಿಡಿ ಬೂತಿಗೆ ಹೋದೆ.

ವೈದ್ಯೆ ಹೇಳಿದ್ದಿಷ್ಟು: "ಇವತ್ತೇ ನಿಲ್ಲಿಸಿ. ಮುಖ ಬಹುಮಟ್ಟಿಗೆ ವಾಸಿಯಾಗಿದೆ. ಆದರೆ ಇವತ್ತಿನಿಂದ ಪೂರ್ತಿ ಒಂದು ತಿಂಗಳು." ಬೇರೆ ಮುಂಜಾಗ್ರತೆಗಳನ್ನೂ ವಿವರಿಸಿದರು. ಅವನ್ನು ಸಾರುವ ಕುಟುಂಬ ಯೋಜನೆಯ ಕೆಂಪು ತ್ರಿಕೋನ ನಮ್ಮ ತಾಲ್ಲೂಕಿನ ಗೋಡೆಗೋಡೆಯ ಮೇಲೂ ಇತ್ತು, ನಿಜ. ಆದರೆ ತೊಟ್ಟಿಲು ಇಳಿಸಿ ಕೂತಿರುವ ಮನೆಗೆ ಹೋಗಿ, ಗುರುತು ಪರಿಚಯವಿಲ್ಲದ ಹುಡುಗನಿಗೆ, ಹುಡುಗಿಯ ತಾತನಾದವನು ಅದನ್ನು ಯಾವ ಮುಖದಿಂದ ಹೇಳಬೇಕು? ಮದುವೆಯಾಗಿ ನಾಲ್ಕೇ ದಿನಕ್ಕೆ ಆಷಾಢ ಹುಟ್ಟುತ್ತಿತ್ತು. ಆ ನಾಲ್ಕು ದಿನದ ಸಂದಿಯಲ್ಲಿ ಇನ್ನೂ ಹುಟ್ಟದ ಒಂದು ಮಗುವಿನ ಕಿವಿ, ಕಣ್ಣು, ಗುಂಡಿಗೆ ಸಿಕ್ಕಿಕೊಂಡಿತ್ತು.

ಸೊಸೆಯನ್ನು ಕರೆದು, ಹೆಂಗಸರು ಹೆಂಗಸರಿಗೆ ಹೇಳುವುದು ಮೇಲು, ನೀನೇ ಅಜ್ಜಿಗೆ ಒಂದು ಮಾತು ಹಾಕು ಎಂದೆ. ಅವಳ ಮುಖ ಕಪ್ಪಿಟ್ಟಿತು. "ಮಾವ, ನಿಮ್ ಕಾಲಿಗೆ ಬೀಳ್ತೀನಿ. ಔಸದಿ ಅಂದ ತಕ್ಷಣ ಕಾಯ್ಲೆ ಹೆಣ್ಣು ಅಂತಾರೆ. ನಾಗಮಂಗಲದೋರು ಬುಟ್ಟೋದ್ರು, ಇವ್ರೂ ಬುಟ್ಟೋದ್ರೆ ಅವ್ಳು ಬದುಕ್ತಾಳಾ? ಡಾಕ್ಟ್ರುಗಳು ಸುಮ್ಕೆ ಹೆದ್ರಿಸ್ತಾರೆ, ಅವ್ರ ಮಾತು ನಂಬ್ಬೇಡಿ ಅಂತ ನೀವೇ ತಾನೆ ಮನೆ ಮಂದಿಗೆಲ್ಲ ಬುದ್ಧಿ ಹೇಳ್ತಿದ್ದೋರು?" ನನ್ನ ಮಾತನ್ನು ಇಷ್ಟು ಚೆನ್ನಾಗಿ ನೆನಪಿಟ್ಟ ಶಿಷ್ಯರು ನನಗೆ ಬೇರೆ ಯಾರೂ ಸಿಕ್ಕಿಲ್ಲ. ಮಗನ ಕಡೆ ನೋಡಿದೆ. ಅವನು ಚಪ್ಪರದವನನ್ನು ಕಾಣಬೇಕೆಂದು ಎದ್ದುಹೋದ. ಶೈಲಾ ಮಾತ್ರ ಹಿತ್ತಲಲ್ಲಿ ನನ್ನ ಪಕ್ಕ ಬಂದು ನಿಂತು ಮೆಲ್ಲಗೆ ಹೇಳಿದಳು: "ತಾತ, ಏನಾದ್ರೂ ಮಾಡು. ನಂಗೆ ಭಯ ಆಯ್ತದೆ. ಆದ್ರೆ ಊರಿಗೆಲ್ಲ ಗೊತ್ತಾಗಬಾರ್ದು."

ಹೀಗೆ ನಾನು, ಪಂಚಾಂಗವನ್ನು ಜನ್ಮದಲ್ಲಿ ಮುಟ್ಟದವನು, ಮಾರನೆಯ ಬೆಳಿಗ್ಗೆ ಶ್ರೀರಂಗಪಟ್ಟಣದ ಜೋಯಿಸರ ಮನೆಯ ಮುಂದೆ ಚಪ್ಪಲಿ ಬಿಟ್ಟೆ. ಮುಹೂರ್ತ ಇಟ್ಟವರು ಅವರೇ. ಪ್ರಸ್ತಕ್ಕೆ ಶ್ರಾವಣದವರೆಗೆ ಒಳ್ಳೆಯ ಗಳಿಗೆಯೇ ಇಲ್ಲವೆಂದು ಅವರು ಒಂದು ಮಾತು ಹೇಳಿಬಿಟ್ಟರೆ ಎಲ್ಲ ಬಗೆಹರಿಯುತ್ತಿತ್ತು.

"ಬನ್ನಿ ಬನ್ನಿ ಗೌಡ್ರೆ, ದಾರಿ ತಪ್ಪಿತೆ?" ಎಂದರು.

"ಇಲ್ಲ ಸ್ವಾಮಿ. ನಮ್ಮ ಹುಡುಗಿಯ ಪ್ರಸ್ತದ ದಿನ ಅಷ್ಟು ಚೆನ್ನಾಗಿಲ್ಲ ಅಂತ ಕೇಳಿದೆ."

"ಯಾರಂದರು? ಇಷ್ಟು ಒಳ್ಳೆಯ ಗಳಿಗೆ ಈ ವರ್ಷದಲ್ಲೇ ಸಿಕ್ಕಿರಲಿಲ್ಲ."

"ಇನ್ನೊಂದು ಸಲ ನೋಡಿ. ಎಲ್ಲಾದರೂ ಒಂದು ಕೆಟ್ಟ ಗ್ರಹ ಇದ್ದೇ ಇರುತ್ತೆ."

ಜೋಯಿಸರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಗೌಡ್ರೆ, ನೀವು ಹೇಳುವ ಹಾಗೆ ಬರೆದುಕೊಡಬೇಕು, ಅಲ್ಲವೆ? ಪಂಚಾಂಗ ಸುಳ್ಳು ಅಂತ ಇಷ್ಟು ವರ್ಷ ನೀವು ಹೇಳಿಕೊಂಡು ಬಂದಿರಿ, ನಾನು ಸಹಿಸಿದೆ. ಈಗ ನನ್ನ ಬಾಯಲ್ಲೇ ಅದನ್ನು ಸುಳ್ಳು ಮಾಡಿಸೋಕೆ ಬಂದಿದ್ದೀರಿ. ಅದು ಮಾತ್ರ ಆಗೋದಿಲ್ಲ" ಎಂದರು. ತಮ್ಮ ಶಾಸ್ತ್ರವನ್ನು ಇಷ್ಟು ಪ್ರಾಮಾಣಿಕವಾಗಿ ನಂಬಿರುವವರು ಜಗತ್ತಿನಲ್ಲಿ ಇದ್ದಾರೆಂಬುದು ನನ್ನ ಲೆಕ್ಕಾಚಾರದಲ್ಲಿ ಇರಲೇ ಇಲ್ಲ. ಕಾರಣ ಹೇಳುವಂತಿರಲಿಲ್ಲ. ಎದ್ದು ಬಂದೆ.

ಉಳಿದದ್ದು ಅಕ್ಕಿಹೆಬ್ಬಾಳು. ಪಾಂಡವಪುರದಲ್ಲಿ ಬಸ್ಸು ಹಿಡಿದು, ಚಿನಕುರಳಿ, ಬೂಕನಕೆರೆ ಹಾದು ಕೆ.ಆರ್.ಪೇಟೆಗೆ ಹೋಗಿ, ಅಲ್ಲಿ ಇನ್ನೊಂದು ಬಸ್ಸಿಗೆ ಕಾದೆ. ದಾರಿಯುದ್ದಕ್ಕೂ ಆರಂಭದ ವಾಕ್ಯವೊಂದನ್ನು ಕಟ್ಟುತ್ತಿದ್ದೆ. ಪ್ರತಿ ಉಬ್ಬಿಗೂ ಅದು ಕುಸಿದು ಬೀಳುತ್ತಿತ್ತು. ಮದುವೆ ಗೊತ್ತಾದ ಮನೆಯವರು ಹೇಳದೆ ಕೇಳದೆ ಒಬ್ಬರೇ ಬಂದಿಳಿದರೆ ಎದುರಿನವರ ಎದೆ ಧಸಕ್ಕೆನ್ನುತ್ತದೆ. ಆದರೂ ನಮ್ಮ ಸೀಮೆಯಲ್ಲಿ ಬೀಗರನ್ನು ಬಂದ ಕೆಲಸವೇನೆಂದು ಕೇಳುವ ಮೊದಲು ಉಣ್ಣಿಸಬೇಕು. ಕೋಳಿ ಹಿಡಿದರು, ಮಸಾಲೆ ಅರೆದರು, ಮುದ್ದೆ ತಿರುವಿದರು. ಹುಡುಗನ ಚಿಕ್ಕಪ್ಪ ಸಿದ್ದೇಗೌಡ ಮಳೆ, ಬೆಳೆ, ಹಾಲಿನ ದರಗಳ ಬಗ್ಗೆ ಮಾತಾಡಿದ. ಉಣ್ಣದಿದ್ದರೆ ಅನುಮಾನ. ಎರಡು ಮುದ್ದೆಯನ್ನು ಹೇಗೆ ನುಂಗಿದೆನೋ ಕಾಣೆ. ಮೂಲೆಯಲ್ಲಿ ಆ ತೊಟ್ಟಿಲು, ಹೊಸದಾಗಿ ಎಣ್ಣೆ ಒರೆಸಿಕೊಂಡು, ನನ್ನನ್ನೇ ನೋಡುತ್ತಿತ್ತು.

ಕೈ ತೊಳೆದು ಬಂದು, ಗಂಡಸರೆಲ್ಲ ಕುಳಿತ ಪಡಸಾಲೆಯಲ್ಲಿ ಬಾಯಿಬಿಟ್ಟೆ. "ನಮ್ಮ ಮನೇಲಿ ಆಷಾಢ ಬಲು ಕಟ್ಟುನಿಟ್ಟು. ಧಾರೆ ಮುಗಿದ ಕೂಡಲೇ ಹೆಣ್ಣನ್ನ ವಾಪಸು ಕರ್ಕೊಂಡು ಹೋಗ್ತೀವಿ. ಪ್ರಸ್ತ ಶ್ರಾವಣಕ್ಕೆ ಇಟ್ಟುಕೊಳ್ಳೋಣ."

ಸಿದ್ದೇಗೌಡ ಬೀಡಿಯನ್ನು ಬಾಯಿಂದ ತೆಗೆದ. "ಅಲ್ಲ ಬೀಗ್ರೆ, ಓದ್ವರ್ಸ ಪಾಂಡುಪುರದ ಸಂತೇಲಿ ನಿಂತ್ಕಂಡು ಆಸಾಡ ಮಾಡೋರೆಲ್ಲ ಗೂಬೆಗಳು ಅಂದೋರು ನೀವೇ ಅಲ್ವರಾ?"

"ನಾನೇ."

"ಆ ಗೂಬೆ ಗುಂಪ್ನಾಗೆ ನಾನೂ ನಿಂತಿದ್ದೆ ಕಣ್ರೀ. ಈಗ ನೀವೇ ನಮ್ ಮರಕ್ಕೆ ಬಂದು ಕೂತ್ಕತಾ ಇದ್ದೀರಲ್ಲ, ಏನ್ ಸಮಾಚಾರ?"

ಎಲ್ಲರೂ ನಕ್ಕರು, ನಾನೂ ನಗಲು ಯತ್ನಿಸಿದೆ. ವಯಸ್ಸಾಯಿತು, ಬುದ್ಧಿ ಬಂತು ಎಂದೇನೋ ಗೊಣಗಿದೆ. ಸಿದ್ದೇಗೌಡ ಮಾತ್ರ ನಗುವನ್ನು ಅಲ್ಲಿಗೇ ನಿಲ್ಲಿಸಿದ. "ಆಸಾಡಕ್ಕೆ ಇನ್ನೂ ನಾಕು ದಿನ ಇರುವಾಗ್ಲೇ ಎಣ್ಣ ಎತ್ಕಂಡೋಯ್ತೀನಿ ಅಂತೀರಿ. ಉಡ್ಗೀಗೆ ಮನಸ್ಸಿಲ್ವಾ? ಬ್ಯಾರೆ ಏನಾರ ಐತಾ? ಏಳ್ಬುಡಿ. ಇನ್ನೂ ಚಪ್ಪರದ ಗಳ ನೆಟ್ಟಿಲ್ಲ, ಲಗ್ನಪತ್ರಿಕೆ ಅಂಚಿಲ್ಲ."

ಕರೆದು ತಂದ ಸಂಬಂಧವನ್ನು ನನ್ನ ಕೈಯಾರೆ ಹೊಳೆಗೆ ಬಿಡುತ್ತಿದ್ದೆ. ಬಾಗಿಲ ಪಕ್ಕ ಎಲೆಯಡಿಕೆ ಕುಟ್ಟುತ್ತಿದ್ದ ನಿಂಗಜ್ಜಿ ಕುಟ್ಟುವುದನ್ನು ನಿಲ್ಲಿಸಿದಳು. "ಲೇ ಸಿದ್ದ, ಎದ್ದೋಗಿ ದನಕ್ಕೆ ನೀರು ತೋರ್ಸ್ಲಾ. ಎಲ್ರೂ ಎದ್ದೇಳ್ರಲಾ ಮ್ಯಾಕೆ. ಬೀಗ್ರು ನನ್ ತಾವ ಮಾತಾಡಾಕೆ ಬಂದವ್ರೆ." ಗಂಡಸರು ಎದ್ದರು. ಬಾಗಿಲು ಮುಚ್ಚಿತು.

"ಈಗ ಬಾಯ್ಬುಡಿ ಅಣ್ಣ. ಆಸಾಡ ಅನ್ನೋದು ಬರೀ ಸೆರಗು. ಸೆರಗ್ನೊಳ್ಗೆ ಏನ್ ಮಡಿಕ್ಕಂಡಿದ್ದೀರಿ?"

ನಾನು ಎ ಜೀವಸತ್ವದಿಂದ ಆರಂಭಿಸಿದೆ. ಕೂದಲ ಬುಡದ ಎಣ್ಣೆಯ ಗ್ರಂಥಿಗಳ ರಚನೆಯನ್ನು ವಿವರಿಸಿದೆ. ಜಿಡ್ಡಿನಲ್ಲಿ ಕರಗುವ ಪದಾರ್ಥಗಳು ನೀರಿನಲ್ಲಿ ಕರಗುವವುಗಳಿಗಿಂತ ಹೇಗೆ ಭಿನ್ನವೆಂದು ಹೇಳುತ್ತಾ ಪಿತ್ತಜನಕಾಂಗದ ಹತ್ತಿರ ಬಂದಿದ್ದೆ.

"ಅಣ್ಣ, ನಂಗೆ ಪಾಟ ಬ್ಯಾಡ. ಎಣ್ಗೆ ಕಾಯ್ಲೆನಾ?"

"ಕಾಯಿಲೆ ಅಲ್ಲಮ್ಮ. ಮೊಡವೆ."

"ಮೊಡವೆಗೆ ಯಾರಾನ ಪ್ರಸ್ತ ಮುಂದಾಕ್ತಾರಾ?"

"ಮೊಡವೆಗಲ್ಲ, ಅದಕ್ಕೆ ತಗೊಂಡ ಗುಳಿಗೆಗೆ. ಅದು ಮೈಯಲ್ಲಿರುವಾಗ ಬಸುರಾದರೆ ಮಗೀಗೆ ತೊಂದರೆ. ಕಿವಿ ಇಲ್ಲದೆ ಹುಟ್ಟಬಹುದು. ಗುಂಡಿಗೆ ಕೆಡಬಹುದು. ತಲೆ ಬೆಳೀದೆ ಇರಬಹುದು." ನಿಂಗಜ್ಜಿ ತೊಟ್ಟಿಲಿನ ಕಡೆ ನೋಡಲಿಲ್ಲ. ನೋಡದಿರಲು ಅವಳು ಪಟ್ಟ ಕಷ್ಟ ನನಗೆ ಕಾಣಿಸಿತು. ಹೊರಗೆ ಸಿದ್ದೇಗೌಡ ಎತ್ತನ್ನು ಗದರಿಸುತ್ತಿದ್ದ. ಈಗ ಇವಳು ಎದ್ದು ಬಾಗಿಲು ತೆರೆದು, ಈ ಮದುವೆ ಬೇಡ ಎನ್ನುತ್ತಾಳೆ. ಹಿಂದಿರುಗುವ ಬಸ್ಸಿನಲ್ಲಿ ಶೈಲಾಳಿಗೆ ಹೇಳಬೇಕಾದ ವಾಕ್ಯವನ್ನು ಕಟ್ಟಬೇಕಾಗುತ್ತದೆ ಎಂದುಕೊಂಡೆ.

"ಆಮ್ಯಾಕೆ?" ಎಂದಳು ಕೊನೆಗೆ.

"ಗುಳಿಗೆ ನಿಲ್ಲಿಸಿದ್ದಾಗಿದೆ. ನಿಲ್ಲಿಸಿ ಒಂದು ತಿಂಗಳು ಕಳೆದರೆ ಮೈಯಿಂದ ಹೊರಟು ಹೋಗುತ್ತೆ. ಆಮೇಲೆ ಹುಟ್ಟೋ ಮಗೀಗೆ ಅದರಿಂದ ಏನೂ ಆಗಲ್ಲ."

"ಅಂಗೆ ಓಯ್ತದೆ ಅಂತ ನೀವು ಕಂಡಿದ್ದೀರಾ?"

ಈ ಪ್ರಶ್ನೆಯನ್ನು ನಾನು ಎಷ್ಟು ಜನಕ್ಕೆ ಕೇಳಿಲ್ಲ! ಅದು ತಿರುಗಿ ನನ್ನ ಮೇಲೆ ಬಂದಾಗ ಹೇಗಿರುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ಕಂಡಿದ್ದೇನೆ ಎಂದುಬಿಡುವುದು ಸುಲಭವಾಗಿತ್ತು.

"ಕಂಡಿಲ್ಲಮ್ಮ" ಎಂದೆ. "ಡಾಕ್ಟರಮ್ಮ ಹೇಳಿದರು.  ನಂಬಿದ್ದೀನಿ."

ಅಜ್ಜಿ ಕುಟ್ಟಿದ ಎಲೆಯಡಿಕೆಯನ್ನು ಬಾಯಿಗೆ ಹಾಕಿಕೊಂಡು ಅಗಿದಳು. "ನೀವು ಯಾರ್ನೂ ನಂಬಾಕಿಲ್ಲ ಅಂತ ನಮ್ಮೂರ್ಗೂ ಸುದ್ದಿ ಬಂದದೆ. ನೀವೇ ನಂಬಿದ್ರೆ ಅದು ದಿಟವೇ ಇರ್ಬೇಕು ಬುಡಿ" ಎಂದಳು. ಆಮೇಲೆ ಧ್ವನಿ ತಗ್ಗಿಸಿ, "ಇದು ನಿಮ್ಗೂ ನಂಗೂ ಇರ್ಲಿ. ಉಡ್ಗಿ ಮಕದ ಮಾತು ಈ ಗಂಡಸ್ರ ಬಾಯ್ಗೆ ಬೀಳ್ಬಾರ್ದು. ಭಾಸೆ ಕೊಡಿ" ಎಂದು ಕೈ ಚಾಚಿದಳು. ಕೊಟ್ಟೆ.

ಎದ್ದು ಬಾಗಿಲು ತೆರೆದು ಕೂಗಿದಳು: "ಲೇ ಸಿದ್ದ! ಬೀಗ್ರು ಏಳಿದ್ದೇ ಸರಿಯಾಗದೆ ಕಣ್ಲಾ. ನಮ್ಮನೇಲೂ ಮೊದ್ಲು ಅಂಗೇ ನಡೀತಿತ್ತು, ನಿಮ್ ಕಾಲ್ದಾಗೆ ಕೆಡಿಸ್ಬುಟ್ರಿ. ಧಾರೆ ಆದೇಟ್ಗೆ ಎಣ್ಣು ತೌರ್ಗೆ. ಪ್ರಸ್ತ ಸ್ರಾವಣ್ದಲ್ಲಿ."

"ಮಂಜ ಒಪ್ಬೇಕಲ್ಲವ್ವ?"

"ಅವ್ನ ಒಪ್ಗೆ ಯಾವನ್ಲಾ ಕೇಳ್ದೋನು?"

ಮದುವೆಯಾಯಿತು. ಬೀಗರೂಟದ ಎಲೆ ಎತ್ತುವ ಮೊದಲೇ ನಾನು ಮೊಮ್ಮಗಳನ್ನು ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಅಂಥ ಹೆಣ್ಣು ಒಪ್ಪಿಸುವ ಶಾಸ್ತ್ರವನ್ನು ಬಂದ ನೆಂಟರು ಹಿಂದೆ ಎಲ್ಲೂ ಕಂಡಿರಲಿಲ್ಲ. ಅಲ್ಲಿಂದ ಮುಂದೆ ನಾನು ಜಗಲಿಯ ಮೇಲೆ ಕಾವಲು ಕುಳಿತೆ. ಬಾಬುರಾಯನಕೊಪ್ಪಲು ಮೈಸೂರು ರಸ್ತೆಯ ಮೇಲಿರುವುದು ಆ ತಿಂಗಳು ನನ್ನ ಪಾಲಿಗೆ ಶಾಪವಾಯಿತು. ಕೆ.ಆರ್.ಪೇಟೆಯ ಡೈರಿಯಲ್ಲಿದ್ದ ಮಂಜುನಾಥನಿಗೆ ಇದ್ದಕ್ಕಿದ್ದಂತೆ ಮೈಸೂರಿನಲ್ಲಿ ಮೇಲಿಂದ ಮೇಲೆ ಕೆಲಸ ಬೀಳತೊಡಗಿತು. ಅವನ ಮೊಪೆಡ್ಡು ಸರಿಯಾಗಿ ನಮ್ಮ ಮನೆಯ ಎದುರಿಗೇ ಕೆಡುತ್ತಿತ್ತು. ಎದುರಿನ ಎಳನೀರಿನ ಅಂಗಡಿಯಲ್ಲಿ ನಿಂತು, ಮಹಡಿಯ ಕಿಟಕಿಯ ಕಡೆ ನೋಡುತ್ತಾ, ಒಂದಾದ ಮೇಲೊಂದು ಎಳನೀರು ಕುಡಿಯುತ್ತಿದ್ದ.

"ತಾತ, ಕುಡಿಯಾಕೆ ಒಂದು ಲೋಟ ನೀರು ಸಿಕ್ತದಾ?"

"ಈಗ ತಾನೆ ಮೂರು ಎಳನೀರು ಕುಡಿದ್ಯಲ್ಲಪ್ಪ."

"ಅದು ಸೀ ಇತ್ತು ತಾತ. ಬಾಯಾರ್ಕೆ ಜಾಸ್ತಿ ಆಗೋಯ್ತು."

ಅವನಿಗೆ ಕಾರಣ ಗೊತ್ತಿರಲಿಲ್ಲ, ಶೈಲಾಗೆ ಗೊತ್ತಿತ್ತು. ಅವಳು ಕಿಟಕಿಯ ಹಿಂದೆ ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ಆದರೆ ನಿಜವಾದ ಫಜೀತಿ ಬಂದದ್ದು ಆಷಾಢದ ನಡುವಿನಲ್ಲಿ. ಗುಳಿಗೆ ನಿಲ್ಲಿಸಿ ಒಂದು ತಿಂಗಳು ತುಂಬಿತು. ಇನ್ನೂ ಹೆಚ್ಚಿಗಿರಲೆಂದು ಮೇಲೆರಡು ದಿನ ಸೇರಿಸಿದೆ, ಅದೂ ಕಳೆಯಿತು. ವಿಜ್ಞಾನದ ಪ್ರಕಾರ ಬಾಗಿಲು ತೆರೆಯಬೇಕು. ಆಷಾಢದ ಪ್ರಕಾರ ಇನ್ನೂ ಅರ್ಧ ತಿಂಗಳಿಗೂ ಮಿಕ್ಕಿ ಮುಚ್ಚಿರಬೇಕು. ಅಂದು ಸೋನೆ ಹಿಡಿದಿತ್ತು. ಹುಡುಗ ನೆನೆಯುತ್ತಾ ಬಂದು ನಿಂತ. "ತಾತ, ಒಳಗೆ ಬೇಡ. ಜಗಲಿ ಮೇಲಾದ್ರೂ ನಿಂತ್ಕೋಬೌದಾ?" ಎಂದ. ನನ್ನೊಳಗಿನ ಪ್ರತಿಯೊಂದು ಪುಸ್ತಕವೂ ಅವನನ್ನು ಒಳಗೆ ಕರೆ ಎನ್ನುತ್ತಿತ್ತು. ಎದುರಿಗೆ ಎಳನೀರಿನವನು, ಪಕ್ಕದ ಮನೆಯವರು, ಬಸ್ಸಿಗೆ ನಿಂತವರು ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಈಗ ಕರೆದರೆ, ಇಷ್ಟು ದಿನ ಕಾದದ್ದು ಆಷಾಢಕ್ಕಲ್ಲವೆಂದು ಗೊತ್ತಾಗುತ್ತದೆ. ಮತ್ತೆ ಯಾವುದಕ್ಕೆ ಎಂಬ ಪ್ರಶ್ನೆ ಏಳುತ್ತದೆ. "ಶಾಸ್ತ್ರ ಅಂದ್ರೆ ಶಾಸ್ತ್ರ ಕಣಪ್ಪ" ಎಂದು ನನ್ನ ಕೊಡೆಯನ್ನು ಅವನಿಗೆ ಕೊಟ್ಟು ಕಳಿಸಿದೆ. ಉಳಿದಷ್ಟು ದಿನ ನಾನು ಆಷಾಢವನ್ನು ಆಚರಿಸಿದ್ದು ಔಷಧಕ್ಕಾಗಿ ಅಲ್ಲ, ಮಗುವಿಗಾಗಿ ಅಲ್ಲ. ಯಾವ ಕಾರಣವೂ ಇಲ್ಲದೆ, ಅಪ್ಪಟ ಗೂಬೆಯಂತೆ ಆಚರಿಸಿದೆ.

ಶ್ರಾವಣ ಬಂತು, ಶೈಲಾ ಅಕ್ಕಿಹೆಬ್ಬಾಳಿಗೆ ಹೋದಳು. ಮರುವರ್ಷ ಬಾಣಂತನಕ್ಕೆ ನಮ್ಮ ಮನೆಗೇ ಬಂದಳು. ಅಷ್ಟು ತಿಂಗಳೂ, ನಿಂಗಜ್ಜಿಗೆ ನಾನು "ನಂಬಿದ್ದೀನಿ" ಎಂದಿದ್ದ ಆ ಮಾತು ಮಲಗಿದರೆ ದಿಂಬಿನ ಕೆಳಗಿರುತ್ತಿತ್ತು. ಆಸ್ಪತ್ರೆಯಲ್ಲಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಎಲ್ಲರೂ ಗಂಡೋ ಹೆಣ್ಣೋ ಎಂದು ಕೇಳುತ್ತಿದ್ದಾಗ ನಾನು ಬಟ್ಟೆಯನ್ನು ಸರಿಸಿ ಕಿವಿ ನೋಡಿದೆ. ಎರಡೂ ಇದ್ದವು, ಎಲೆಯ ಸುರುಳಿಯಂತೆ ಮಡಿಚಿಕೊಂಡು. ಬಾಗಿಲ ಹಿಂದೆ ಯಾರದೋ ಕೈಯಿಂದ ಪಾತ್ರೆ ಬಿತ್ತು. ಮಗು ಬೆಚ್ಚಿ ಕೈ ಎತ್ತಿತು. ನಿಂಗಜ್ಜಿ ನನ್ನನ್ನು ನೋಡಿದಳು. ಹೊರಗೆ ಬಂದು, ನೀರಿನ ನಲ್ಲಿಯ ಹತ್ತಿರ ಮುಖ ತೊಳೆಯುವ ನೆವದಲ್ಲಿ ನಾನು ಬಹಳ ಹೊತ್ತು ನಿಂತಿದ್ದೆ.

ಇದನ್ನು ಬರೆಯಲೇ ಎಂದು ಮೊನ್ನೆ ಶೈಲಾಳನ್ನು ಕೇಳಿದೆ. ಹೆಸರುಗಳನ್ನು ಬದಲಿಸುತ್ತೇನೆ ಎಂದೂ ಹೇಳಿದೆ. "ಬರಿ ತಾತ, ನೀನು ಬರ್ದದ್ದನ್ನ ನಮ್ ಕಡೆ ಯಾರು ಓದ್ತಾರೆ?" ಎಂದಳು. ಅನುಮತಿಯೆಂದರೆ ಅನುಮತಿಯೇ. ಆದರೆ ಬರೆಯಬೇಕೆಂಬ ಹಟ ಹುಟ್ಟಿದ್ದು ಪಾಂಡವಪುರದ ಸಂತೆಯಲ್ಲಿ. ಅಲ್ಲಿ ಬೆಲ್ಲ ಮಾರುವವನೊಬ್ಬ, ನನ್ನ ಗುರುತಿಲ್ಲದವನು, ಗಿರಾಕಿಗಳಿಗೆ ಕತೆ ಹೇಳುತ್ತಿದ್ದ. ಕೊಪ್ಪಲಿನ ಕಡೆ ಒಬ್ಬ ಗೌಡನಿದ್ದನಂತೆ, ದೇವರು ದಿಂಡರು ಯಾವುದನ್ನೂ ನಂಬದವನು. ಆಷಾಢವನ್ನು ಬಯ್ದದ್ದಕ್ಕೆ ಅವನ ಮೊಮ್ಮಗಳ ಮದುವೆ ಇನ್ನೇನು ಮುರಿದು ಬೀಳುವುದರಲ್ಲಿತ್ತಂತೆ. ಆಗ ಅವನು ನಡುರಸ್ತೆಯಲ್ಲಿ ಜೋಯಿಸರ ಕಾಲಿಗೆ ಉದ್ದಂಡ ಬಿದ್ದು, ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡನಂತೆ. ಅಲ್ಲಿಂದೀಚೆಗೆ ಅವನಷ್ಟು ಮಡಿವಂತ ಈ ತಾಲ್ಲೂಕಿನಲ್ಲೇ ಇಲ್ಲವಂತೆ.

"ಕಾಲಿಗೆ ಬಿದ್ದದ್ದು ಸುಳ್ಳು" ಎಂದೆ, ತಡೆಯಲಾರದೆ.

ಬೆಲ್ಲದವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಂಗಾದ್ರೆ ಯಾಕೆ ಮಾಡ್ದ ಏಳಿ ಮತ್ತೆ, ಮಳೇಲಿ ಅಳಿಯನ್ನ ಬೀದೀಲಿ ನಿಲ್ಸೋವಷ್ಟು ಆಸಾಡನಾ?"

ನಿಂಗಜ್ಜಿಗೆ ಭಾಷೆ ಕೊಟ್ಟಿದ್ದೆ. ಬಾಯಿ ತೆರೆದೆ, ಮುಚ್ಚಿದೆ.

"ನೋಡಿದ್ರಾ, ನಿಮ್ ತಾವ ಉತ್ರ ಇಲ್ಲ" ಎಂದ ಅವನು, ಅಚ್ಚು ಬೆಲ್ಲವನ್ನು ಕಾಗದದಲ್ಲಿ ಸುತ್ತುತ್ತಾ. "ನೀವೂ ಆ ಗೌಡ ಮೊದ್ಲು ಇದ್ನಲ್ಲ, ಅಂಗೇ ಇದ್ದೀರಿ ಯಜಮಾನ್ರೆ. ಒಂದ್ ಸಲ ಓಗಿ ಅವ್ನ ಕಂಡ್ಕಂಡ್ ಬನ್ನಿ. ಬುದ್ಧಿ ಬತ್ತದೆ."

ಆಗಲಿ ಎಂದೆ. ಅವನು ಎಲ್ಲಿ ಸಿಗುತ್ತಾನೆಂದು ದಾರಿಯನ್ನೂ ಕೇಳಿಕೊಂಡೆ.